ಪುಸ್ತಕ ಆಮೇಲೆ ತೆಗೆಯಿರಿ

ನಮ್ಮ ಔಷಧ ಮಾಹಿತಿ ಡೆಸ್ಕಿಗೆ ಹೊಸದಾಗಿ ಬಂದವರಿಗೆಲ್ಲ ನಾನು ಮೊದಲು ಹೇಳುವ ಮಾತು ಒಂದೇ. ಫೋನ್ ಎತ್ತಿದ ತಕ್ಷಣ ಕೈ ಪುಸ್ತಕದ ಕಡೆಗೋ ಕೀಬೋರ್ಡಿನ ಕಡೆಗೋ ಹೋಗಬಾರದು. ಐದು ವರ್ಷ ಫಾರ್ಮ್ ಡಿ ಓದಿ, ಆರನೆಯ ವರ್ಷ ಇಂಟರ್ನ್ ಆಗಿ ಬಂದ ನಿಮಗೆ ಇದು ಕಷ್ಟವೇ. ಕೇಳಿದ ಪ್ರಶ್ನೆಗೆ ಥಟ್ಟನೆ ಉತ್ತರ ಕೊಟ್ಟವರೇ ಜಾಣರು ಎಂದು ಕಲಿತು ಬಂದವರು ನೀವು. ವೈವಾದಲ್ಲಿ ಅದು ನಡೆಯುತ್ತದೆ, ಈ ಡೆಸ್ಕಿನಲ್ಲಿ ನಡೆಯುವುದಿಲ್ಲ. ಇಲ್ಲಿಗೆ ಫೋನ್ ಮಾಡುವವರಿಗೆ ತಮಗೆ ಬೇಕಾದ್ದೇನು ಎಂಬುದು ಎಷ್ಟೋ ಸಲ ಸರಿಯಾಗಿ ಗೊತ್ತಿರುವುದಿಲ್ಲ. ಗೊತ್ತಿದ್ದವರೂ ಅದನ್ನು ನೇರವಾಗಿ ಕೇಳುವುದಿಲ್ಲ.

ಮೂಡಲಪಾಳ್ಯದಿಂದ ಒಬ್ಬ ತಾಯಿ ಫೋನ್ ಮಾಡಿದರು ಅಂದುಕೊಳ್ಳಿ. "ಮೇಡಂ, ಪಾಪುಗೆ ಜ್ವರ. ಪ್ಯಾರಸಿಟಮಾಲ್ ಎಷ್ಟು ಎಂಎಲ್ ಹಾಕ್ಲಿ?" ಲೆಕ್ಕ ನಿಮಗೆ ಬಾಯಿಪಾಠ. ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ. ಮಗು ಹತ್ತು ಕಿಲೋ ಇದ್ದರೆ ಹೆಚ್ಚೆಂದರೆ 150 ಮಿಲಿಗ್ರಾಂ, ಅಂದರೆ 125ರ ಸಿರಪ್ಪಿನಲ್ಲಿ 6 ಎಂಎಲ್. ಹಾಗೆ ಹೇಳಿ ಫೋನ್ ಇಟ್ಟರೆ ಲೆಕ್ಕದಲ್ಲಿ ಏನೂ ತಪ್ಪಿಲ್ಲ. ಆದರೆ ಆಕೆಯ ಕೈಯಲ್ಲಿರುವುದು ಸಿರಪ್ಪೋ ಡ್ರಾಪ್ಸೋ? ಆ ಸಿರಪ್ಪಿನ 5 ಎಂಎಲ್‌ನಲ್ಲಿ 125 ಮಿಲಿಗ್ರಾಂ ಇದ್ದರೆ, ಡ್ರಾಪ್ಸಿನ ಒಂದೇ ಎಂಎಲ್‌ನಲ್ಲಿ 100 ಮಿಲಿಗ್ರಾಂ ಇರುತ್ತದೆ. ನೀವು ಹೇಳಿದ 6 ಎಂಎಲ್ ಡ್ರಾಪ್ಸಿನಿಂದ ಹೋದರೆ 600 ಮಿಲಿಗ್ರಾಂ, ನಾಲ್ಕು ಪಟ್ಟು. ಸಾಲದ್ದಕ್ಕೆ 250ರ ಸಿರಪ್ಪೂ ಅದೇ ಮೆಡಿಕಲ್ ಸ್ಟೋರಿನ ಅದೇ ಶೆಲ್ಫಿನಲ್ಲಿ ಕೂತಿರುತ್ತದೆ. ಆದ್ದರಿಂದ ಮೊದಲು, "ಬಾಟ್ಲು ಕೈಗೆ ತಗೊಳ್ಳಿ, ಮೇಲೆ ಬರೆದಿರೋದನ್ನ ನಂಗೆ ಓದಿ ಹೇಳಿ" ಅನ್ನಬೇಕು. ಪಾಪುಗೆ ಎಷ್ಟು ತಿಂಗಳು, ತೂಕ ಎಷ್ಟು, ಕೊನೆಯ ಸಲ ಹಾಕಿದ್ದು ಯಾವಾಗ, ನೆಗಡಿಗೆ ಅಂತ ಬೇರೆ ಯಾವುದಾದರೂ ಸಿರಪ್ ನಡೆಯುತ್ತಿದೆಯೇ ಎಂದು ಕೇಳಬೇಕು. ಆ ಇನ್ನೊಂದು ಸಿರಪ್ಪಿನಲ್ಲೂ ಪ್ಯಾರಸಿಟಮಾಲ್ ಇದ್ದೀತು. ಅಜ್ಜಿ ಬೆಳಗ್ಗೆಯೇ ಒಂದು ಸಲ ಹಾಕಿ ಯಾರಿಗೂ ಹೇಳದೆ ಇದ್ದಾರು. ಇನ್ನು ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಅಂದರೆ ಎಂಎಲ್ ಲೆಕ್ಕ ಹಾಕುತ್ತ ಕೂರುವ ಹೊತ್ತಲ್ಲ, ಆ ಕ್ಷಣವೇ ಡಾಕ್ಟರ ಹತ್ತಿರ ಕಳಿಸಬೇಕು. ಇಷ್ಟೂ ಕೇಳಲು ಎರಡು ನಿಮಿಷ ಸಾಕು. ಪುಸ್ತಕವನ್ನಂತೂ ತೆಗೆಯಲೇ ಇಲ್ಲ, ನೋಡಿ.

ಇದೇನೂ ನಾನು ಕಂಡುಹಿಡಿದ ವಿದ್ಯೆಯಲ್ಲ. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದಲ್ಲಿ 1962ರಲ್ಲಿ ಮೊದಲ ಔಷಧ ಮಾಹಿತಿ ಕೇಂದ್ರ ಶುರುವಾಯಿತು. 1975ರಲ್ಲಿ ವಟನಾಬೆ ಮತ್ತು ಸಂಗಡಿಗರು ಈ ಕೆಲಸಕ್ಕೊಂದು ಹಂತ ಹಂತದ ಕ್ರಮ ಬರೆದಿಟ್ಟರು. ಆಮೇಲೆ ಬೇರೆಯವರು ತಿದ್ದಿ ಬೆಳೆಸಿದ ಆ ಕ್ರಮ ಹೀಗಿದೆ: ಕೇಳುವವರು ಯಾರು, ಹಿನ್ನೆಲೆ ಏನು, ನಿಜವಾದ ಪ್ರಶ್ನೆ ಯಾವುದು, ಆಮೇಲೆ ಹುಡುಕಾಟ, ತೂಗಿ ನೋಡುವುದು, ಉತ್ತರ. ಹುಡುಕಾಟ ಬರುವುದು ನಡುವೆ ಎಂಬುದನ್ನು ಗಮನಿಸಿ. ನಮ್ಮಲ್ಲಿ ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್ 1997ರಲ್ಲೇ ಔಷಧ ಮಾಹಿತಿ ಕೇಂದ್ರ ತೆರೆಯಿತು. ದೇಶದಲ್ಲಿ ಇಂಥ ಕೇಂದ್ರಗಳು ಬೆರಳೆಣಿಕೆಯಷ್ಟಿದ್ದ ಕಾಲ ಅದು. ರಿಜಿಸ್ಟ್ರೇಷನ್ನಿಗೋ ರಿನ್ಯೂವಲ್‌ಗೋ ವಿಜಯನಗರದ ಕೌನ್ಸಿಲ್ ಕಚೇರಿಯಲ್ಲಿ ಕ್ಯೂ ನಿಂತು ಬಂದ ಫಾರ್ಮಸಿಸ್ಟರಲ್ಲೂ ಹೆಚ್ಚಿನವರಿಗೆ ಅಲ್ಲಿ ಇಂಥದ್ದೊಂದು ಕೆಲಸ ನಡೆದುಕೊಂಡು ಬಂದಿದೆ ಎಂಬುದೇ ಗೊತ್ತಿಲ್ಲ. ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜಿನವರೂ 1990ರ ದಶಕದಲ್ಲೇ ವಿದ್ಯಾರ್ಥಿಗಳನ್ನು ಆಸ್ಪತ್ರೆಯ ವಾರ್ಡಿಗೆ ಇಳಿಸಿದ್ದರು. ಫಾರ್ಮ್ ಡಿ ಬಂದದ್ದು 2008ರಲ್ಲಿ. ರೋಗಿಗೆ ತಿಳಿಹೇಳುವುದು ಫಾರ್ಮಸಿಸ್ಟರ ಕರ್ತವ್ಯ ಎಂದು ನಿಯಮದಲ್ಲಿ ಅಚ್ಚಾದದ್ದು 2015ರಲ್ಲಿ. ಇಷ್ಟಾದರೂ ರಾಜಾಜಿನಗರದ ಹಳೆಯ ಬ್ಲಾಕುಗಳ ಹಿರಿಯರಿಗೆ ನಾವಿನ್ನೂ ಕಾಂಪೌಂಡರುಗಳೇ. ಬೇಸರ ಮಾಡಿಕೊಳ್ಳಬೇಡಿ. ಕಾಂಪೌಂಡರ್ ಎಂದು ಕರೆಯುವವರು ಡಾಕ್ಟರ ಮುಂದೆ ಹೇಳದ್ದನ್ನು ನಮ್ಮ ಮುಂದೆ ಹೇಳುತ್ತಾರೆ.

ಅವರು ಹೇಳುವ ರೀತಿ ಮಾತ್ರ ನಿಮ್ಮ ಪಠ್ಯಪುಸ್ತಕದ್ದಲ್ಲ. ಬಸವೇಶ್ವರನಗರದ ಕಡೆಯ ಒಬ್ಬ ಹೆಂಗಸು, ಅರವತ್ತು ದಾಟಿದವರು, ಕೌಂಟರಿಗೆ ಬಂದು, "ಮೈಯೆಲ್ಲ ಉಷ್ಣ ಆಗೋಗಿದೆ ಕಣಮ್ಮ, ಏನಾದ್ರೂ ತಂಪಿಗೆ ಕೊಡು" ಅಂದರು. ನಮ್ಮ ಇಂಟರ್ನ್ ಹುಡುಗಿ ಬಿ ಕಾಂಪ್ಲೆಕ್ಸ್ ತೆಗೆಯಲು ತಿರುಗಿದಳು. ಪಾಪ, ಅವಳ ಅಜ್ಜಿಯೂ ಮನೆಯಲ್ಲಿ ಅದನ್ನೇ ಕೇಳುತ್ತಿದ್ದಿರಬೇಕು. ನಾನು ತಡೆದು, ಉಷ್ಣ ಅಂದರೆ ಎಲ್ಲಿ, ಏನಾಗುತ್ತಿದೆ ಎಂದು ಕೇಳಿದೆ. ಬಾಯಿ ತೆರೆದು ತೋರಿಸಿದರು. ನಾಲಿಗೆ, ಒಳಗೆನ್ನೆ, ತುಟಿಯ ಒಳಭಾಗ ಎಲ್ಲ ಹುಣ್ಣು. ಸಾರನ್ನ ನುಂಗಿದರೂ ಉರಿಯಂತೆ, ಎರಡು ದಿನದಿಂದ ಮೈ ಬಿಸಿಯಂತೆ. ಬೇರೆ ಏನು ಮಾತ್ರೆ ತಗೊಳ್ತೀರಿ ಅಂದದ್ದಕ್ಕೆ, "ಕೀಲುನೋವಿಗೆ ಒಂದು ಹಳದಿ ಮಾತ್ರೆ, ಅಷ್ಟೇ." ಚೀಟಿ ಸೆರಗಿನ ಗಂಟಿನಲ್ಲಿತ್ತು. ಮೆಥೊಟ್ರೆಕ್ಸೇಟ್ 7.5 ಮಿಲಿಗ್ರಾಂ, ವಾರಕ್ಕೊಂದು ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅವರು ದಿನಾ ಬೆಳಗ್ಗೆ ಬಿಪಿ ಮಾತ್ರೆಯ ಜೊತೆ ಒಂದೊಂದು ನುಂಗುತ್ತಿದ್ದರು. ಕೂಡಲೇ ನಿಲ್ಲಿಸಿ ಎಂದು ಹೇಳಿ, ಕೈಹಿಡಿದು ಕ್ಯಾಶುವಾಲ್ಟಿಗೆ ಕರೆದುಕೊಂಡು ಹೋದೆವು. ರಕ್ತಕಣಗಳ ಎಣಿಕೆ ಇಳಿದಿತ್ತು. ಅಡ್ಮಿಟ್ ಮಾಡಿಕೊಂಡು ಫೋಲಿನಿಕ್ ಆಸಿಡ್ ಕೊಟ್ಟರು. ನಿಮ್ಮಲ್ಲೇ ಎಷ್ಟೋ ಜನ ಅದನ್ನು ಫೋಲಿಕ್ ಆಸಿಡ್ ಎಂದು ಓದಿಬಿಡುತ್ತೀರಿ, ಎರಡೂ ಬೇರೆ ಬೇರೆ.

ಮೆಥೊಟ್ರೆಕ್ಸೇಟ್ ಬಗ್ಗೆ ಕೇಳಿದ್ದರೆ ನೀವೆಲ್ಲ ಒಂದು ಪುಟ ಬರೆಯುತ್ತಿದ್ದಿರಿ. ಆದರೆ ಅಲ್ಲಿ ಯಾರೂ ಮೆಥೊಟ್ರೆಕ್ಸೇಟ್ ಬಗ್ಗೆ ಕೇಳಲಿಲ್ಲ. ಜನ ಉಷ್ಣ ಅಂದರೆ, ಸುಸ್ತು ಅಂದರೆ, ತಲೆ ಒಂಥರಾ ಆಗುತ್ತೆ ಅಂದರೆ ಅದರ ಹಿಂದೆ ಯಾವ ಮಾತ್ರೆ ಇದೆ ಎಂದು ಹುಡುಕುವುದೇ ನಮ್ಮ ಕೆಲಸದ ದೊಡ್ಡ ಪಾಲು. ಅಂದಿನಿಂದ ನಮ್ಮಲ್ಲಿ ಮೆಥೊಟ್ರೆಕ್ಸೇಟ್ ಕವರಿನ ಮೇಲೆ ವಾರದ ಹೆಸರನ್ನೇ ಕನ್ನಡದಲ್ಲಿ ಬರೆಯುತ್ತೇವೆ. 'ಸೋಮವಾರ ಮಾತ್ರ' ಎಂದು, ದಪ್ಪಕ್ಷರದಲ್ಲಿ.

ಇದಕ್ಕಿಂತ ಅಪಾಯದ ಮಾತು 'ಗ್ಯಾಸ್ಟ್ರಿಕ್'. ನಮ್ಮೂರಲ್ಲಿ ಗಂಟಲಿನಿಂದ ಹೊಕ್ಕುಳವರೆಗೆ ಏನಾದರೂ ಅದು ಗ್ಯಾಸ್ಟ್ರಿಕ್ಕೇ. "ಯಾವ ಗ್ಯಾಸ್ಟ್ರಿಕ್ ಮಾತ್ರೆ ಒಳ್ಳೇದು?" ಎಂದು ಐವತ್ತರ ಗಂಡಸು ಎದೆ ಸವರಿಕೊಳ್ಳುತ್ತ ಕೇಳಿದರೆ, ಬೆವರುತ್ತಿದೆಯೇ, ನೋವು ಕೈಗೋ ದವಡೆಗೋ ಹೋಗುತ್ತಿದೆಯೇ, ಮೆಟ್ಟಿಲು ಹತ್ತಿದಾಗ ಜಾಸ್ತಿಯೇ ಎಂದು ಕೇಳಿ. ಹೌದು ಅಂದರೆ ಮಾತ್ರೆಯ ಮಾತೇ ಇಲ್ಲ, ಇಸಿಜಿಗೆ ಕಳಿಸಿ.

ಈಗ ಪುಸ್ತಕದ ವಿಷಯಕ್ಕೆ ಬರೋಣ. ಪುಸ್ತಕ ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮ ಕಪಾಟಿನಲ್ಲಿ ಇರುವುದನ್ನು ಸರಿಯಾಗಿ ಬಳಸುವವರು ಕಡಿಮೆ ಎಂಬುದೇ ನನ್ನ ತಕರಾರು. ಸಾಮಾನ್ಯ ಪ್ರಶ್ನೆಗೆ ನ್ಯಾಷನಲ್ ಫಾರ್ಮ್ಯುಲರಿ ಆಫ್ ಇಂಡಿಯಾ, ಬಿಎನ್‌ಎಫ್, ಮಾರ್ಟಿಂಡೇಲ್. ಒಂದು ಔಷಧಕ್ಕೂ ಇನ್ನೊಂದಕ್ಕೂ ಆಗಿಬರುತ್ತದೋ ಇಲ್ಲವೋ ಎಂಬುದಕ್ಕೆ ಸ್ಟಾಕ್ಲಿ. ಇಂಜೆಕ್ಷನ್‌ಗಳನ್ನು ಬೆರೆಸುವ ವಿಚಾರಕ್ಕೆ ಟ್ರಿಸೆಲ್. ಬಸುರಿ ಬಾಣಂತಿಯರ ವಿಚಾರಕ್ಕೆ ಬ್ರಿಗ್ಸ್, ಎದೆಹಾಲಿನ ಪ್ರಶ್ನೆಗೆ ಲ್ಯಾಕ್ಟ್‌ಮೆಡ್ ಸಾಕಷ್ಟು, ಅದೂ ಉಚಿತ. ಇವುಗಳಲ್ಲಿ ಸಿಗದಿದ್ದರೆ ಮಾತ್ರ ಪಬ್‌ಮೆಡ್. ನೀವು ಮಾಡುವುದು ಇದರ ತಲೆಕೆಳಗು. ಮೊದಲು ಗೂಗಲ್, ಈಗೀಗ ಮೊಬೈಲಿನ ಎಐ, ಆಮೇಲೆ ಸಮಯ ಉಳಿದರೆ ಪುಸ್ತಕ. ಎಐ ಕೇಳಬೇಡಿ ಎಂದರೆ ನೀವು ಬಿಡುವವರಲ್ಲ. ಕೇಳಿಕೊಳ್ಳಿ. ಆದರೆ ಅದು ಹೆಸರಿಸಿದ ಸಂಶೋಧನಾ ಲೇಖನವನ್ನು ಸ್ವತಃ ತೆರೆದು ಓದದೆ ನನ್ನ ಮುಂದೆ ತರಬೇಡಿ. ಇಲ್ಲದ ಲೇಖನವನ್ನು ಇದೆ ಎಂದು ಸೊಗಸಾಗಿ ಹೇಳುವ ಚಾಳಿ ಅದಕ್ಕುಂಟು.

ಒಳ್ಳೆಯ ಪುಸ್ತಕದಲ್ಲೂ ಒಂದು ಮಾತು ಎಲ್ಲಿಂದ ಬಂತು ಎಂದು ಬೇರು ಹಿಡಿದು ಹೋಗುವ ಅಭ್ಯಾಸ ಬೇಕು. ಪ್ರತಿ ಯುಗಾದಿಗೂ ನಮಗೆ ಬರುವ ಒಂದು ಪ್ರಶ್ನೆ ಇದೆ. "ಮೆಟ್ರೊನಿಡಜೋಲ್ ನಡೀತಿದೆ, ವರ್ಷತೊಡಕಿಗೆ ಒಂದೇ ಒಂದು ಪೆಗ್ ಹಾಕಬಹುದಾ?" ನಿಮ್ಮಲ್ಲಿ ಯಾರನ್ನು ಕೇಳಿದರೂ ಕೂಡದು, ವಾಂತಿ, ಎದೆಬಡಿತ, ಮುಖ ಕೆಂಪಾಗುವುದು ಎಂದು ಡೈಸಲ್ಫಿರಾಮ್ ಹೆಸರು ಹೇಳಿ ಒಪ್ಪಿಸುತ್ತೀರಿ. ಎಲ್ಲ ಪಠ್ಯಗಳಲ್ಲೂ ಹಾಗೇ ಇದೆ. ಕಂಪನಿಯ ಮಾಹಿತಿ ಪತ್ರದಲ್ಲೂ ಕೋರ್ಸ್ ಮುಗಿದ ಮೇಲೂ ಎರಡು ಮೂರು ದಿನ ಬೇಡ ಎಂದಿರುತ್ತದೆ. ಇದರ ಬೇರು ಹುಡುಕಿದರೆ ಸಿಗುವುದು ಹಳೆಯ ಕೆಲವು ಬಿಡಿ ವರದಿಗಳು, ಅವನ್ನೇ ಒಂದು ಪುಸ್ತಕದಿಂದ ಇನ್ನೊಂದಕ್ಕೆ ಇಳಿಸಿಕೊಂಡದ್ದು. 2002ರಲ್ಲಿ ಫಿನ್ಲೆಂಡಿನಲ್ಲಿ 12 ಮಂದಿ ಆರೋಗ್ಯವಂತ ಗಂಡಸರ ಮೇಲೆ ಪರೀಕ್ಷೆ ಮಾಡಿ ನೋಡಿದರು. ಕೆಲವರಿಗೆ ಮೆಟ್ರೊನಿಡಜೋಲ್, ಉಳಿದವರಿಗೆ ಹುಸಿಮಾತ್ರೆ ಕೊಟ್ಟು ಆಮೇಲೆ ಮದ್ಯ ಕುಡಿಸಿದರು. ರಕ್ತದಲ್ಲಿ ಅಸಿಟಾಲ್ಡಿಹೈಡ್ ಏರಲೂ ಇಲ್ಲ, ಹೇಳಿಕೊಳ್ಳುವಂಥ ತೊಂದರೆಯೂ ಆಗಲಿಲ್ಲ. ಅಮೆರಿಕದ ಸಿಡಿಸಿ 2021ರ ಲೈಂಗಿಕ ರೋಗಗಳ ಮಾರ್ಗಸೂಚಿಯಲ್ಲಿ ಮೆಟ್ರೊನಿಡಜೋಲ್ ಜೊತೆ ಮದ್ಯ ಬಿಡಲೇಬೇಕೆಂಬ ಅಗತ್ಯವಿಲ್ಲ ಎಂದೇ ಬರೆಯಿತು.

ಹಾಗಾದರೆ ಕುಡಿಯಿರಿ ಅನ್ನೋಣವೇ? ಇಲ್ಲೇ ನಿಮ್ಮ ತಲೆ ಓಡಬೇಕು. ಹನ್ನೆರಡು ಜನ ಅಂದರೆ ಸಣ್ಣ ಗುಂಪು, ಅದೂ ಆರೋಗ್ಯವಂತರು. ಫೋನಿನ ಆ ಕಡೆ ಇರುವವರಿಗೆ ಆ ಮಾತ್ರೆ ಕೊಟ್ಟದ್ದೇಕೆ ಎಂದು ಕೇಳಿದಿರಾ? ಲಿವರ್‌ನಲ್ಲಿ ಅಮೀಬಾದ ಕೀವುಗಡ್ಡೆ ಆಗಿದ್ದಕ್ಕೆ ಕೊಟ್ಟಿದ್ದರೆ ಮೆಟ್ರೊನಿಡಜೋಲ್ ಇರಲಿ ಇಲ್ಲದಿರಲಿ, ಅವರು ಮದ್ಯ ಮುಟ್ಟಕೂಡದು. ಹಲ್ಲಿನ ಡಾಕ್ಟರು ಐದು ದಿನಕ್ಕೆಂದು ಕೊಟ್ಟದ್ದಾದರೆ, "ಕಂಪನಿಯವರು ಬೇಡ ಅಂತಾರೆ, ಈಚಿನ ಸಂಶೋಧನೆ ಅಷ್ಟು ಹೆದರೋದು ಬೇಕಿಲ್ಲ ಅನ್ನುತ್ತೆ, ನಾಲ್ಕು ದಿನ ತಡೆದರೆ ನಿಮಗೇನೂ ನಷ್ಟ ಇಲ್ಲವಲ್ಲ" ಎಂದು ಹೇಳಬಹುದು. ಇನ್ನೊಬ್ಬರು ರಾತ್ರಿಯೇ ಕುಡಿದು, ಬೆಳಗ್ಗೆ ಇಂಟರ್ನೆಟ್ಟಿನಲ್ಲಿ ಓದಿ ಗಾಬರಿಯಾಗಿ ಫೋನ್ ಮಾಡಿರುತ್ತಾರೆ. ಅವರಿಗೆ ಬೇಕಾದ್ದು ಧೈರ್ಯ, ಮಾತ್ರೆಯ ಕೋರ್ಸನ್ನು ಅರ್ಧಕ್ಕೆ ಬಿಡಬೇಡಿ ಎಂಬ ಮಾತು. ಒಂದೇ ಔಷಧ, ಒಂದೇ ಪುರಾವೆ, ಮೂರು ಜನಕ್ಕೆ ಮೂರು ಉತ್ತರ. ಕುಡಿತದ ಬಗ್ಗೆ ನಿಮ್ಮ ಮನೆಯಲ್ಲಿ ಕಲಿತ ಅಭಿಪ್ರಾಯ ಏನೇ ಇರಲಿ, ಅದನ್ನು ಫೋನಿನಲ್ಲಿ ತರಬೇಡಿ. ಒಮ್ಮೆ ಬೈಸಿಕೊಂಡವರು ಇನ್ನೊಮ್ಮೆ ನಿಜ ಹೇಳುವುದಿಲ್ಲ.

ಪುಸ್ತಕದಲ್ಲೇ ಇಲ್ಲದ ಪ್ರಶ್ನೆಯೂ ಬರುತ್ತದೆ. ಕೆಂಗೇರಿ ಉಪನಗರದಿಂದ ಬಂದ ಒಬ್ಬರು ಥೈರಾಯ್ಡ್ ಮಾತ್ರೆಯನ್ನು ರಾಗಿ ಅಂಬಲಿಯ ಜೊತೆ ತಗೊಳ್ಳಬಹುದೇ ಎಂದು ಕೇಳಿದರು. ಲಂಡನ್ನಿನಲ್ಲಿ ಅಚ್ಚಾದ ಯಾವ ಪುಸ್ತಕದಲ್ಲಿ ರಾಗಿ ಇದ್ದೀತು? ಇಂಟರ್ನ್ ಅರ್ಧ ದಿನ ಹುಡುಕಿ, 'ಮಾಹಿತಿ ಲಭ್ಯವಿಲ್ಲ' ಎಂದು ಬರೆದು ತಂದಿಟ್ಟ. ಮಾಹಿತಿ ಇದೆ, ಜೋಡಿಸಿಕೊಳ್ಳಬೇಕು ಅಷ್ಟೇ. ಲೆವೊಥೈರಾಕ್ಸಿನ್ ಜೊತೆ ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆ ಬೇಡ, ನಾಲ್ಕು ಗಂಟೆ ಅಂತರವಿರಲಿ ಎಂಬುದು ಎಲ್ಲ ಪುಸ್ತಕದಲ್ಲೂ ಇದೆ. ನಾರಿನಂಶ ಹೆಚ್ಚಿರುವ ಆಹಾರ ಅದನ್ನು ಹೀರಿಕೊಳ್ಳಲು ಬಿಡದು ಎಂಬುದೂ ಇದೆ. ರಾಗಿಯಲ್ಲಿ ನೂರು ಗ್ರಾಂಗೆ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ, ನಾರೂ ಇದೆ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯ ಕೋಷ್ಟಕ ಹೇಳುತ್ತದೆ. ಇವೆರಡನ್ನೂ ಸೇರಿಸಿ ನೋಡಿದರೆ ಅಂಬಲಿಯೊಂದಿಗೆ ಬೇಡ, ಮಾತ್ರೆ ಮೊದಲು, ಅಂಬಲಿ ಒಂದು ಗಂಟೆಯಾದರೂ ಬಿಟ್ಟು ಎಂದು ಧೈರ್ಯವಾಗಿ ಹೇಳಬಹುದು. ಆದರೆ ಇದು ರಾಗಿಯ ಮೇಲೆ ನಡೆದ ಪ್ರಯೋಗದ ಫಲವಲ್ಲ, ನಮ್ಮ ಊಹೆ ಎಂಬುದನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕು. ಡಾಕ್ಟರು ಕೇಳಿದ್ದಾದರೆ ಅವರಿಗೂ ಹಾಗೆಂದೇ ತಿಳಿಸಬೇಕು.

ಇಷ್ಟು ಮಾಡಿ ಆ ಹುಡುಗ ಹೆಮ್ಮೆಯಿಂದ ಅವರಿಗೆ ಫೋನ್ ಮಾಡಿ, "ಖಾಲಿ ಹೊಟ್ಟೆಯಲ್ಲಿ ತಗೊಳ್ಳಿ" ಅಂದ. ಅವರು "ನಾನು ಯಾವಾಗ್ಲೂ ಖಾಲಿ ಹೊಟ್ಟೆಲೇ ತಗೊಳೋದಪ್ಪ" ಅಂದರು. ನಾನು ಫೋನ್ ಈಸಿಕೊಂಡು, "ಎದ್ದ ತಕ್ಷಣ ಏನೇನು ಮಾಡ್ತೀರಿ ಹೇಳಿ ಅಮ್ಮ" ಅಂದೆ. ಎದ್ದು, ಮುಖ ತೊಳೆದು, ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಒಂದು ಲೋಟ ಕಾಫಿ ಕುಡಿದು, ಆ ಕಾಫಿಯ ಜೊತೆಯಲ್ಲೇ ಮಾತ್ರೆ! ನಮ್ಮ ಜನರ ಲೆಕ್ಕದಲ್ಲಿ ಕಾಫಿ ಹೊಟ್ಟೆಗೆ ಸೇರುವುದೇ ಇಲ್ಲ. ತಿಂಡಿ ತಿನ್ನುವವರೆಗೂ ಹೊಟ್ಟೆ ಖಾಲಿಯೇ. ಕಾಫಿಯೂ ಆ ಮಾತ್ರೆಯನ್ನು ಹೀರಿಕೊಳ್ಳಲು ಬಿಡುವುದಿಲ್ಲ. ಆದ್ದರಿಂದ ನೀವು ಹೇಳಬೇಕಾದ್ದು, "ಎದ್ದ ತಕ್ಷಣ ಬರೀ ನೀರಲ್ಲಿ ಮಾತ್ರೆ ನುಂಗಿ. ಬಾಗಿಲ ಕೆಲಸ, ಸ್ನಾನ ಎಲ್ಲ ಮುಗಿಸಿ ಒಂದು ಗಂಟೆ ಆದಮೇಲೆ ಕಾಫಿ." ಅವರು ಅಷ್ಟು ಹೊತ್ತು ಕಾಫಿ ಬಿಟ್ಟಿರಲಾರೆ ಅಂದರೆ ರಾತ್ರಿ ಊಟವಾಗಿ ಮೂರು ಗಂಟೆ ಬಿಟ್ಟು ಮಲಗುವಾಗ ತಗೊಳ್ಳುವ ದಾರಿಯೂ ಇದೆ, ಅವರ ಡಾಕ್ಟರನ್ನು ಒಂದು ಮಾತು ಕೇಳಿ. ಡೋಸ್ ಸಾಲದೆಂದು ಏರಿಸುತ್ತ ಹೋದ ಎಷ್ಟೋ ಥೈರಾಯ್ಡ್ ಚೀಟಿಗಳ ಹಿಂದೆ ಒಂದು ಲೋಟ ಫಿಲ್ಟರ್ ಕಾಫಿ ಇದ್ದೀತು ಎಂಬುದು ನನ್ನ ಗುಮಾನಿ.

ಹೊತ್ತಿನ ವಿಚಾರದಲ್ಲೂ ಹೀಗೇ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಬರುವವರು ಕಾರ್ಮಿಕರು, ಈ ಕಡೆಯ ಫ್ಯಾಕ್ಟರಿಗಳಲ್ಲಿ ಪಾಳಿಯ ಮೇಲೆ ದುಡಿಯುವವರು. ಗ್ಲಿಮೆಪಿರೈಡ್ ಬೆಳಗ್ಗೆ ತಿಂಡಿಗೆ ಮುಂಚೆ ಎಂದು ಚೀಟಿಯಲ್ಲಿರುತ್ತದೆ. ನೈಟ್ ಶಿಫ್ಟ್ ಮುಗಿಸಿ ಬಂದು, ಮಾತ್ರೆ ನುಂಗಿ, ಎರಡು ಇಡ್ಲಿ ತಿಂದು ಮಧ್ಯಾಹ್ನ ಮೂರರವರೆಗೆ ಮಲಗುವವರಿಗೆ ಅದು ನಿದ್ದೆಯಲ್ಲೇ ಶುಗರ್ ಇಳಿಸೀತು. "ಮಾತ್ರೆ ಯಾವಾಗ ತಗೊಳ್ಳಲಿ?" ಎಂದು ಪೀಣ್ಯದವರೊಬ್ಬರು ಕೇಳಿದರೆ, ನೀವು ಯಾವಾಗ ಏಳುತ್ತೀರಿ, ದಿನದ ದೊಡ್ಡ ಊಟ ಯಾವುದು ಎಂದು ಮೊದಲು ಕೇಳಿ. ಆಮೇಲೆ ಅವರ ಡಾಕ್ಟರ ಜೊತೆ ಮಾತಾಡಿ ಹೊತ್ತು ಬದಲಿಸಿ.

ವಾರ್ಡಿನಿಂದ ಬರುವ ಫೋನಿಗೆ ಇಷ್ಟು ಪುರುಸೊತ್ತಿರುವುದಿಲ್ಲ. ಎಷ್ಟು ಹೊತ್ತಿಗೆ ಬೇಕು ಎಂಬುದೇ ಅಲ್ಲಿ ಮೊದಲ ಪ್ರಶ್ನೆ. "ಸೆಫ್ಟ್ರಿಯಾಕ್ಸೋನ್ ಆರ್‌ಎಲ್ ಜೊತೆ ಹಾಕಬಹುದಾ?" ಎಂದು ಸಿಸ್ಟರ್ ಕೇಳಿದಾಗ ಡ್ರಿಪ್ ಆಗಲೇ ಹೋಗುತ್ತಿದೆ, ಇಂಜೆಕ್ಷನ್ ಅವರ ಕೈಯಲ್ಲಿದೆ. ಅರ್ಧ ಗಂಟೆ ಬಿಟ್ಟು ಹೇಳುತ್ತೇನೆ ಎಂದರೆ ಉತ್ತರ ಕೊಡದ ಹಾಗೆಯೇ. ಇಲ್ಲಿ ಕೇಳಬೇಕಾದ್ದು ಒಂದೇ, ರೋಗಿಗೆ ಎಷ್ಟು ವಯಸ್ಸು. ಆರ್‌ಎಲ್, ಅಂದರೆ ರಿಂಗರ್ ಲ್ಯಾಕ್ಟೇಟ್ ಡ್ರಿಪ್ಪಿನಲ್ಲಿ ಕ್ಯಾಲ್ಸಿಯಂ ಇದೆ. ಸೆಫ್ಟ್ರಿಯಾಕ್ಸೋನ್ ಅದರೊಂದಿಗೆ ಸೇರಿ ಹರಳುಗಟ್ಟುತ್ತದೆ. ನವಜಾತ ಶಿಶುಗಳ ಶ್ವಾಸಕೋಶದಲ್ಲಿ, ಮೂತ್ರಪಿಂಡದಲ್ಲಿ ಇಂಥ ಹರಳು ಸಿಕ್ಕಿದ ಸಾವುಗಳ ವರದಿ ಬಂದಮೇಲೆ ಅಮೆರಿಕದ ಎಫ್‌ಡಿಎ 2007ರಲ್ಲಿ ಎಚ್ಚರಿಕೆ ಕೊಟ್ಟಿತು, 2009ರಲ್ಲಿ ಅದನ್ನು ತಿದ್ದಿ, 28 ದಿನ ದಾಟಿದವರ ವಿಚಾರದಲ್ಲಿ ಸಡಿಲಿಸಿತು. 28 ದಿನದೊಳಗಿನ ಕೂಸಾದರೆ ಕ್ಯಾಲ್ಸಿಯಂ ಇರುವ ಡ್ರಿಪ್ ನಡೆಯುತ್ತಿರುವಾಗ ಸೆಫ್ಟ್ರಿಯಾಕ್ಸೋನ್ ಕೂಡದೇ ಕೂಡದು. ದೊಡ್ಡವರಾದರೆ ಒಟ್ಟಿಗೆ ಬೇಡ, ಆರ್‌ಎಲ್ ನಿಲ್ಲಿಸಿ, ನಾರ್ಮಲ್ ಸಲೈನ್‌ನಲ್ಲಿ ಲೈನ್ ಫ್ಲಶ್ ಮಾಡಿ, ಆಮೇಲೆ ಕೊಡಬಹುದು. ಉತ್ತರ ಇಷ್ಟೇ ಇರಬೇಕು. ಯಾವ ಪುಸ್ತಕ, ಯಾವ ಪುಟ ಎಂಬುದನ್ನು ಆಮೇಲೆ ಬರೆದು ಕಳಿಸಿ. ಡಾಕ್ಟರಿಗೆ ಹೇಳುವಾಗಲೂ ಪಾಠ ಒಪ್ಪಿಸಬೇಡಿ. ಈ ರೋಗಿಗೆ ಏನು ಮಾಡಬಹುದು ಎಂಬುದು ಮೊದಲು, ಕಾರಣ ಆಮೇಲೆ. ಅದೂ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತಲ್ಲ, ಪಕ್ಕಕ್ಕೆ ಕರೆದು.

ಗೊತ್ತಿಲ್ಲದಿದ್ದರೆ, "ಗೊತ್ತಿಲ್ಲ, ನೋಡಿ ನಾಲ್ಕು ಗಂಟೆಗೆ ಫೋನ್ ಮಾಡ್ತೀನಿ" ಎನ್ನಿ. ನಾಲ್ಕಕ್ಕೆ ಉತ್ತರ ಸಿಕ್ಕಿರದಿದ್ದರೂ ಫೋನ್ ಮಾಡಿ.

ಹೆಸರುಗಳ ಗೊಂದಲದ ಬಗ್ಗೆ ಎರಡು ಮಾತು. ಮಗನ ಮನೆಗೆಂದು ಅಮೆರಿಕಕ್ಕೆ ಹೋಗುವ ತಂದೆತಾಯಿ ನಮ್ಮ ಬಡಾವಣೆಗಳಲ್ಲಿ ಮನೆಗೊಬ್ಬರು. ಸೂಟ್‌ಕೇಸಿನಲ್ಲಿ ಇಲ್ಲಿಂದ ನಮ್ಮ ಬೆಂಗಳೂರಿನದೇ ಆದ ಡೋಲೋ 650 ಹೋಗುತ್ತದೆ, ಅಲ್ಲಿ ಸೊಸೆ ಟೈಲೆನಾಲ್ ಕೊಡುತ್ತಾಳೆ. ಅಲ್ಲಿಯ ಅಸಿಟಾಮಿನೋಫೆನ್ನೇ ಇಲ್ಲಿಯ ಪ್ಯಾರಸಿಟಮಾಲ್ ಎಂದು ಹೇಳುವವರು ಯಾರು? ಅಲ್ಲಿಯ ಆಲ್ಬ್ಯುಟೆರಾಲ್ ಇಲ್ಲಿಯ ಸಾಲ್ಬ್ಯುಟಮಾಲ್. ಇನ್ನು ನಮ್ಮ ಬ್ರ್ಯಾಂಡ್‌ಗಳು ವಿದೇಶಿ ಸಾಫ್ಟ್‌ವೇರಿಗೆ ಗೊತ್ತೇ ಇರುವುದಿಲ್ಲ. ಒಂದು ಮಾತ್ರೆಯೊಳಗೆ ಮೂರು ಔಷಧ ಸೇರಿಸಿ ಮಾರುವ ಊರು ನಮ್ಮದು. ಹೆಸರಿನ ಬಾಲದಲ್ಲಿರುವ ಎಂ1, ಎಂ2, ಎಸ್‌ಆರ್, ಫೋರ್ಟ್ ಎಲ್ಲವನ್ನೂ ಬಿಡಿಸಿ ಒಳಗಿರುವ ಔಷಧಗಳ ಹೆಸರು, ಪ್ರಮಾಣ ಬರೆದುಕೊಂಡ ಮೇಲೆಯೇ ಹುಡುಕಾಟ. ಫೋನಿನಲ್ಲಿ ಕೇಳಿಸಿಕೊಂಡ ಹೆಸರನ್ನು ನಂಬಬೇಡಿ. ಹೈಡ್ರಾಲಜೀನ್ ಬಿಪಿಗೆ, ಹೈಡ್ರಾಕ್ಸಿಜೀನ್ ನವೆಗೆ. ಒಂದೊಂದು ಅಕ್ಷರವನ್ನೂ ಹೇಳಿಸಿ, ಆಗುವುದಾದರೆ ಸ್ಟ್ರಿಪ್ಪಿನ ಫೋಟೊ ತರಿಸಿಕೊಳ್ಳಿ. ಅಮೃತಬಳ್ಳಿ ಕಷಾಯ, ಲೇಹ್ಯ, ನಾಟಿ ಔಷಧ ನಡೆಯುತ್ತಿದೆಯೇ ಎಂದು ಬೇರೆಯಾಗಿಯೇ ಕೇಳಬೇಕು. ಏನಾದರೂ ಔಷಧ ತಗೊಳ್ತೀರಾ ಎಂಬ ಪ್ರಶ್ನೆಗೆ ಅದನ್ನು ಯಾರೂ ಹೇಳುವುದಿಲ್ಲ.

ಫೋಟೊ ಅಂದದ್ದಕ್ಕೆ ನೆನಪಾಯಿತು. ನಿಮಗೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ. "ಸೊಸೆ ಬ್ಯಾಗಲ್ಲಿ ಈ ಸ್ಟ್ರಿಪ್ ಸಿಕ್ತು, ಇದು ಯಾವುದಕ್ಕೆ ಅಂತ ಸ್ವಲ್ಪ ಹೇಳಮ್ಮ." ಮದುವೆ ಮಾತುಕತೆ ನಡೆಯುವ ಮನೆಯಿಂದಲೂ ಬರುತ್ತದೆ. ಫೋಟೊದಲ್ಲಿರುವುದು ಅಮಿಟ್ರಿಪ್ಟಿಲೀನ್ 10 ಮಿಲಿಗ್ರಾಂ. ಪುಸ್ತಕದಲ್ಲಿ ನೋಡಿದರೆ ಖಿನ್ನತೆಗೆ ಎಂದಿದೆ. ಅದನ್ನು ಹಾಗೇ ಹೇಳಿದಿರೋ, ಒಂದು ಸಂಸಾರದಲ್ಲಿ ಸಂಜೆಯೊಳಗೆ ಏನಾಗುತ್ತದೆಂದು ನಾನು ಹೇಳಬೇಕಿಲ್ಲ. ಆ ಹುಡುಗಿ ಮೈಗ್ರೇನಿಗೆ ತಗೊಳ್ಳುತ್ತಿರಬಹುದು. ನರದ ನೋವಿಗಿರಬಹುದು. ಖಿನ್ನತೆಗೇ ಇದ್ದರೂ ಅದು ಅವಳ ವಿಷಯ. "ಅಮ್ಮ, ಒಂದೇ ಮಾತ್ರೆನ ನಾಲ್ಕಾರು ತೊಂದರೆಗೆ ಕೊಡ್ತಾರೆ. ಯಾರ ಮಾತ್ರೆಯೋ ಅವರೇ ಫೋನ್ ಮಾಡಿದ್ರೆ ನಾನು ಎಲ್ಲಾ ವಿವರವಾಗಿ ಹೇಳ್ತೀನಿ" ಎಂದು ನಯವಾಗಿ ಹೇಳಿ. ಒತ್ತಾಯ ಮಾಡುತ್ತಾರೆ, ಬೈಯುತ್ತಾರೆ, ನಿಮ್ಮ ಮೇಲಿನವರಿಗೆ ಹೇಳುತ್ತೇನೆ ಅನ್ನುತ್ತಾರೆ. ಹೇಳಲಿ, ಮೇಲಿನವಳು ನಾನೇ. ಆದರೆ ಮಗುವೋ, ಯಾರಾದರೂ ಸಿಟ್ಟಿನಲ್ಲೋ ಆ ಸ್ಟ್ರಿಪ್ ಖಾಲಿ ಮಾಡಿದ್ದಾರೆ ಎಂದರೆ ಆ ಮಾತೇ ಬೇರೆ. ಎಷ್ಟು ಮಾತ್ರೆ, ಎಷ್ಟು ಹೊತ್ತಾಯಿತು ಎಂದಷ್ಟೇ ಕೇಳಿ ಸ್ಟ್ರಿಪ್ಪಿನ ಸಮೇತ ಕ್ಯಾಶುವಾಲ್ಟಿಗೆ ಓಡಿಸಿ.

ಔಷಧದಿಂದಲೇ ತೊಂದರೆಯಾಗಿದೆ ಅನ್ನಿಸಿದರೆ ವರದಿ ಮಾಡುವುದೂ ನಿಮ್ಮ ಕೆಲಸ. ಗಾಜಿಯಾಬಾದಿನಲ್ಲಿರುವ ಇಂಡಿಯನ್ ಫಾರ್ಮಕೊಪಿಯಾ ಕಮಿಷನ್ನಿನ ಸಹಾಯವಾಣಿ 1800-180-3024. ಖಚಿತವಾಗಬೇಕೆಂದು ಕಾಯಬೇಡಿ, ಸಂಶಯ ಸಾಕು.

ಕೊನೆಗೆ ರಿಜಿಸ್ಟರು. ಪ್ರಶ್ನೆಯನ್ನು ಕೇಳಿದವರ ಮಾತಿನಲ್ಲೇ ಬರೆಯಿರಿ, ಬೇಕಿದ್ದರೆ ಕನ್ನಡದಲ್ಲೇ. 'ಮೈಯೆಲ್ಲ ಉಷ್ಣ' ಎಂದಿದ್ದರೆ ಅದೇ ಇರಲಿ, ಅದನ್ನು ಇಂಗ್ಲಿಷಿಗೆ ತಿರುಗಿಸಿ ಸ್ಟೊಮಟೈಟಿಸ್ ಎಂದು ಬರೆದರೆ ಮುಂದಿನ ಪಾಳಿಯವರಿಗೆ ಆ ಹೆಂಗಸು ಕಾಣುವುದಿಲ್ಲ. ಅದರ ಕೆಳಗೆ ನೀವು ಕೇಳಿದ್ದು, ನೋಡಿದ ಪುಸ್ತಕ ಮತ್ತು ಆವೃತ್ತಿ, ಹುಡುಕಿ ಸಿಗದಿದ್ದುದು, ಕೊಟ್ಟ ಉತ್ತರ, ಗಂಟೆ. ಗಂಭೀರವಾದದ್ದಾದರೆ ಉತ್ತರ ಹೋಗುವ ಮುಂಚೆ ಇನ್ನೊಬ್ಬರು ಓದಿ ಸಹಿ ಹಾಕಬೇಕು. ಬಲತುದಿಯಲ್ಲಿ ಆಮೇಲೆ ಏನಾಯಿತು ಎಂಬ ಕಾಲಂ ಇದೆಯಲ್ಲ, ಅದನ್ನು ತುಂಬಲು ಮಾರನೆಯ ದಿನವೋ ವಾರ ಬಿಟ್ಟೋ ನೀವೇ ಫೋನ್ ಮಾಡಬೇಕು. ಕೆಂಗೇರಿಯ ಆ ಅಮ್ಮನಿಗೆ ಫೋನ್ ಮಾಡಿದಾಗ, ಕಾಫಿಯನ್ನು ಹಿಂದಕ್ಕೆ ಹಾಕಿದ್ದೇನೆ, ಆದರೆ ಡಾಕ್ಟರು ಬರೆದ ಕ್ಯಾಲ್ಸಿಯಂ ಮಾತ್ರೆಯನ್ನು ಈಗ ಬೆಳಗಿನ ಮಾತ್ರೆಯ ಜೊತೆ ಸೇರಿಸಿಕೊಂಡಿದ್ದೇನೆ, ಮರೆಯಬಾರದಲ್ಲ ಅಂತ, ಎಂದರು. ಮತ್ತೆ ಮೊದಲಿನಿಂದ ಹೇಳಿಕೊಟ್ಟೆವು. ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ ಹೋಯಿತು. ಸಂಜೆ ನಾನು ಸಹಿ ಹಾಕಲು ಬಂದಾಗ ಆ ಕಾಲಂ ಖಾಲಿ ಇರುವ ಪುಟವನ್ನು ನನ್ನ ಮುಂದೆ ಹಿಡಿಯಬೇಡಿ, ಹಾಕುವುದಿಲ್ಲ.